ನೀಲಿ ಆನೆಯ ಚೀಟಿ

ಪದರದರ್ಶಿ ಯಂತ್ರದ ಬೆಳಕು ಗಾಜಿನ ತಟ್ಟೆಯ ಮೇಲೆ ನಿಧಾನವಾಗಿ ಹರಿದಾಡಿತು. ತಟ್ಟೆಯಲ್ಲಿ ಅಂಗೈಯಗಲದ ಹಳೆಯ ವಿಡಿಯೋ ಗೇಮ್ ಕ್ಯಾಸೆಟ್ ಇತ್ತು. ಅದರ ಮೇಲಿನ ಚೀಟಿ ಎದುರಿನ ಪರದೆಯಲ್ಲಿ ಈರುಳ್ಳಿ ಸುಲಿದ ಹಾಗೆ ಪದರ ಪದರವಾಗಿ ಬಿಚ್ಚಿಕೊಳ್ಳತೊಡಗಿತು. ಗುರುಶಾಂತ ಹೂಗಾರರು ಕುರ್ಚಿಯ ತುದಿಗೆ ಸರಿದರು.

"ಚೀಟಿ ಕಿತ್ತು ಬರೂದಿಲ್ಲಲ್ರಿ, ಡಾಕ್ಟರ್?"

"ಇಲ್ರೀ ಕಾಕಾ. ಯಂತ್ರ ಮುಟ್ಟೂದ ಇಲ್ಲ, ಬರೇ ನೋಡ್ತದ," ಎಂದರು ಡಾ. ರೆಹಾನಾ ಮಕಾಂದಾರ. ಧಾರವಾಡದ ಆಟಿಕೆ ವಸ್ತುಸಂಗ್ರಹಾಲಯದ ವಿಜ್ಞಾನಿ ಅವರು. ಈ ಯಂತ್ರವನ್ನು ಕಟ್ಟಿದವರೂ ಅವರೇ.

ಪದರದರ್ಶಿ ಹೊರಸೂಸುವ ಮಂದಕಿರಣಗಳು ಕಾಗದದಲ್ಲಿ ಒಂದು ಬಗೆಯಾಗಿ, ಶಾಯಿಯಲ್ಲಿ ಇನ್ನೊಂದು ಬಗೆಯಾಗಿ, ಅಂಟಿನಲ್ಲಿ ಮತ್ತೊಂದು ಬಗೆಯಾಗಿ ಚದುರುತ್ತವೆ. ಆ ಚದುರುವಿಕೆಯಿಂದ ಯಂತ್ರ ಪ್ರತಿ ಪದರದ ಚಿತ್ರವನ್ನೂ ವಯಸ್ಸನ್ನೂ ತಿಳಿಸುತ್ತದೆ. ಅಂಟು ಹಸಿಯಿದ್ದಾಗ ಅದರ ಮೇಲೆ ಬಿದ್ದ ಒತ್ತಡವೂ ಅಲ್ಲೇ ಉಳಿದಿರುತ್ತದೆ. ಇದೇ ಒತ್ತುಗುರುತು. ಕಾರ್ಖಾನೆಯ ಉರುಳೆ ಒತ್ತಿದ್ದರೆ ನೇರ ಗೆರೆ, ಮನುಷ್ಯರು ಒತ್ತಿದ್ದರೆ ಬೆರಳು. ಈ ಯಂತ್ರ ಬಂದ ಮೇಲೆ ಹಳೆಯ ಆಟಗಳ ಸಂಗ್ರಹಕಾರರಲ್ಲಿ ಎಷ್ಟೋ ಜನರ ನಿದ್ದೆ ಕೆಟ್ಟಿತ್ತು.

ಹೊರಗಿನವರಿಗೆ ಇದೆಲ್ಲ ಹುಚ್ಚಾಟವೆಂದೇ ತೋರಬೇಕು. ಒಳಗಿನ ಆಟ ಅದೇ, ಪೆಟ್ಟಿಗೆ ಅದೇ. ಆದರೆ ಯಾವುದೋ ಚೀಟಿಯ ಮೂಲೆಯಲ್ಲಿರಬೇಕಾದ ನಕ್ಷತ್ರ ಇಲ್ಲವೆಂದರೆ ಮುಗಿಯಿತು, ಸಂಗ್ರಹಕಾರರ ಕಣ್ಣಲ್ಲಿ ಅದು ಅಪರೂಪ! 'ಮೋಟಾರ್ ಜಂಗಲ್' ಎಂಬ ಆಟದ ಚೀಟಿಯಲ್ಲಿ ಎಲ್ಲೆಡೆ ಇರುವುದು ಹಸಿರು ಬೈಕು. ಬೈಕಿನ ಮೇಲೆ ನೀಲಿ ಆನೆ ಕೂತ ಚೀಟಿ ಮಾತ್ರ ಇಡೀ ಜಗತ್ತಿಗೆ ಒಂದೇ, ಅದು ಗುರುಶಾಂತರದು. ಆಟದಲ್ಲಿ ಎಲ್ಲಿ ಹುಡುಕಿದರೂ ಆನೆಯಿಲ್ಲ. ಕಂಪನಿಯವರು ಆನೆಯ ಹಂತವೊಂದನ್ನು ಮಾಡಿ ಕೈಬಿಟ್ಟಿರಬೇಕೆಂದು ಪಂಡಿತರು ವಾದಿಸಿದ್ದರು. ಚೀಟಿ ಉಳಿದವಕ್ಕಿಂತ ಬೆರಳಗಲ ಗಿಡ್ಡವಾಗಿತ್ತು. ಅದನ್ನೂ ಹೆಗ್ಗಳಿಕೆಗೇ ಸೇರಿಸಿದ್ದರು.

ಗುರುಶಾಂತರಿಗೆ ಈಗ ಆ ಹೆಗ್ಗಳಿಕೆಯಲ್ಲಿ ಆಸಕ್ತಿ ಉಳಿದಿರಲಿಲ್ಲ. ಹೆಂಡತಿ ಸುವರ್ಣಾ ತೀರಿಕೊಂಡು ವರ್ಷವಾಗಿತ್ತು. ಸಂಗ್ರಹಾಲಯದ ಹೊಸ ಕೋಣೆಯ ನಡುವಿನ ಗಾಜಿನ ಪೆಟ್ಟಿಗೆಯಲ್ಲಿ ಆನೆ ಇರಬೇಕು, ಕೆಳಗೆ ಆಕೆಯ ಹೆಸರಿರಬೇಕು. ಅವರು ಬಯಸಿದ್ದು ಇಷ್ಟೇ. ಚೀಟಿ ಕಾರ್ಖಾನೆಯದೆಂದು ಪದರದರ್ಶಿ ಹೇಳಿದರೆ ಮಾತ್ರ ಪೆಟ್ಟಿಗೆ ಎಂದು ಸಂಗ್ರಹಾಲಯ ಕರಾರು ಹಾಕಿತ್ತು.

ಆನೆಯ ಚಿತ್ರ ಪರದೆಯ ಒಂದು ಬದಿಗೆ ಸರಿಯಿತು. ಅದರ ಅಡಿಯಿಂದ ಹಸಿರು ಬೈಕಿನ ಮಾಮೂಲಿ ಚೀಟಿ ಎದ್ದು ಬಂತು. ರೆಹಾನಾ ಪರದೆಯಿಂದ ಅವರತ್ತ ತಿರುಗಿದರು.

"ಕಾಕಾ, ಇದು ಕಾರ್ಖಾನೀದಲ್ರಿ. ಮ್ಯಾಲೆ ಯಾರೋ ಹಚ್ಯಾರ. ಅಂಟಂದ್ರ ಮೈದಾಹಿಟ್ಟಿನ ಸರಿ. ಚೀಟಿ ಸಾಲಿ ಹುಡುಗರು ನೋಟ್‌ಬುಕ್ಕಿಗೆ ಹಚ್ಚತಿದ್ರಲ್ಲ, ಅದು. ಹೆಸರು, ಇಯತ್ತೆ ಬರಿಯೂ ಕೆಳಗಿನ ಪಟ್ಟಿ ಕತ್ತರೀಲೆ ತಗದಾರ. ಅಡಿಯ ಬೈಕಿನ ಚೀಟೀನೂ ಅಷ್ಟ ಅಳತಿಗೆ ಕೆರದಾರ. ಅದಕ್ಕ ಗಿಡ್ಡ ಆಗೇದ."

"ಅಂದ್ರ ಮೋಸ?" ಎಂದರು ಗುರುಶಾಂತರು.

"ಮೋಸ ಅಂತ ನಾ ಅನ್ನೂದಿಲ್ರಿ. ಆಗ ಕೆಲವು ಸ್ಟೇಷನರಿ ಅಂಗಡ್ಯಾಗ ಕ್ಯಾಸೆಟ್ ಬಾಡಿಗಿಗೆ ಕೊಡ್ತಿದ್ರಂತ. ಹುಡುಗರಿಗೆ ಆಡಿ ಆಡಿ ಬ್ಯಾಸರಾದ್ರ ಅದಕ್ಕ ಬ್ಯಾರೆ ಚೀಟಿ ಹಚ್ಚಿ ಹೊಸಾ ಆಟ ಅಂತ ಕೊಡೂದು. ಆದ್ರ ನಾ ಸುಳ್ಳ ಬರಿಯಾಕ ಬರೂದಿಲ್ಲ. ಪೆಟಗಿ ಸಿಗೂದಿಲ್ರಿ, ಕಾಕಾ."

ಗುರುಶಾಂತರಿಗೆ ಹೆಂಡತಿಯ ಹೆಸರಿಗೆ ಇಷ್ಟು ಜಾಗ ಮಾಡಿಕೊಡಲೂ ತಮ್ಮಿಂದ ಆಗಲಿಲ್ಲವಲ್ಲ ಎನಿಸಿತು. ಏಳಬೇಕೆಂದು ಕೋಲಿಗೆ ಕೈ ಚಾಚಿದರು. ಅಷ್ಟರಲ್ಲಿ ಯಂತ್ರ ಕೊನೆಯ ಪದರ ತೋರಿಸಿತು. ಒಣಗಿದ ಸರಿಯಲ್ಲಿ ಪುಟ್ಟ ಹೆಬ್ಬೆರಳಿನ ಒತ್ತುಗುರುತು ಇತ್ತು.

"ಸಣ್ಣ ಹುಡುಗೀದೋ ಹುಡುಗಂದೋ ಇರಬೇಕು," ಎಂದು ರೆಹಾನಾ ಚಿತ್ರ ಹಿಗ್ಗಿಸಿದರು. "ಬೆರಳಿಗೆ ಗಾಯ ಆಗಿ ಮಾಯ್ದಂಗದ. ನೋಡ್ರಿ, ಅಡ್ಡ ಗೆರಿ, ತುದಿಗೆ ಕೊಕ್ಕಿ ಹಂಗ ಬಾಗೇದ."

ಗುರುಶಾಂತರು ನೋಡಿದರು. ಚಾಚಿದ ಕೈ ಹಾಗೆಯೇ ನಿಂತಿತು.

ಆ ಕೊಕ್ಕೆಯನ್ನು ಅವರು ಮದುವೆಯಾದಂದಿನಿಂದ ಬಲ್ಲರು. ಆಸ್ಪತ್ರೆಯಲ್ಲಿ ಆಕೆಯ ಕೈ ಹಿಡಿದು ಕೂತಾಗ ತಮ್ಮ ಬೆರಳಿಂದ ಸವರುತ್ತಿದ್ದುದೂ ಅದನ್ನೇ. ನಾಲ್ಕನೇ ಇಯತ್ತೆಯಲ್ಲಿ ಓದುತ್ತಿದ್ದಾಗ ಗದಗಿನಲ್ಲಿ ಅಪ್ಪನ ಸ್ಟೇಷನರಿ ಅಂಗಡಿಯಲ್ಲಿ ಕಾಗದ ಕತ್ತರಿಸುವಾಗ ಆದದ್ದು ಎಂದಿದ್ದಳು. ಏನು ಕಾಗದ, ಯಾಕೆ ಕತ್ತರಿಸುತ್ತಿದ್ದೆ ಎಂದು ಇವರು ಕೇಳಿರಲಿಲ್ಲ.

"ಡಾಕ್ಟರ್, ಇದು ನಮ್ಮಾಕಿದು," ಎಂದರು.

ಆಮೇಲೆ ಒಂದೊಂದೇ ನೆನಪಾಯಿತು. ಎಲ್ಲೆಲ್ಲೋ ಸುತ್ತಿ ಸಿಂಗಪುರ ಸೇರಿದ್ದ ಕ್ಯಾಸೆಟ್ಟನ್ನು ಹರಾಜಿನಲ್ಲಿ ಗೆದ್ದು ತಂದ ದಿನ ಅವರು ನೆಲದ ಮೇಲೆ ನಿಂತಿರಲಿಲ್ಲ. ಸುವರ್ಣಾ ಅದನ್ನು ಕಣ್ಣ ಹತ್ತಿರ ಹಿಡಿದು ತುಂಬಾ ಹೊತ್ತು ನೋಡಿದಳು. ಆಮೇಲೆ ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. "ಇದನ್ನ ತರಾಕ ಅಷ್ಟ ದೂರ ಹೋಗಿದ್ರಿ?" ಎಂದಳು. ಸಂಜೆ ಗೋಧಿ ಹುಗ್ಗಿ ಮಾಡಿದಳು. ತಮ್ಮ ಹುಚ್ಚನ್ನು ಕಂಡು ನಗುತ್ತಾಳೆಂದು ಅವರು ಒಂದಿಷ್ಟು ಮುನಿಸಿಕೊಂಡೇ ಹುಗ್ಗಿ ತಿಂದಿದ್ದರು.

"ಗೊತ್ತಿದ್ರೂ ಹೇಳಲಿಲ್ಲೇನ್ರಿ ಅವರು?" ರೆಹಾನಾ ಮೆಲ್ಲಗೆ ಕೇಳಿದರು.

"ಹ್ಯಾಂಗ ಹೇಳ್ಯಾಳು ತಂಗಿ? ಮನಿಗೆ ಬಂದವರಿಗೆಲ್ಲ ತೋರಿಸಿ ಮೆರೀತಿದ್ದೆ. ಜಗತ್ತಿನ್ಯಾಗ ಇದೊಂದ ಐತಿ ಅಂತಿದ್ದೆ. ಆಕಿ ಅಲ್ಲೇ ನಿಂತು ಚಾ ಕೊಡ್ತಿದ್ಲು." ಅವರಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. "ಒಂದ ಐತಿ ಅನ್ನೂದೇನೂ ಸುಳ್ಳಲ್ಲ."

ನಕಲಿ ಹಿಡಿಯಲೆಂದು ಕಟ್ಟಿದ ಯಂತ್ರದ ಪಕ್ಕದಲ್ಲಿ ಕೂತು ರೆಹಾನಾ ಸುಮ್ಮನೆ ಕಣ್ಣೊರೆಸಿಕೊಂಡರು. ನಿರ್ದೇಶಕರ ಜೊತೆ ಮಾತಾಡುತ್ತೇನೆ, ಬೇರೆ ಕೋಣೆಯಲ್ಲಾದರೂ ಇಡೋಣ ಎಂದರು. ಗುರುಶಾಂತರು ಬೇಡವೆಂದು ತಲೆಯಾಡಿಸಿದರು. ಇದನ್ನು ಇನ್ನು ಯಾರಿಗೂ ಕೊಡುವ ಮನಸ್ಸಿರಲಿಲ್ಲ.

"ಒಂದು ಪೆನ್ನು, ಬೆರಳಗಲ ಬಿಳಿ ಕಾಗದ ಕೊಡ್ರಿ. ಮೈದಾ ಸರಿ ಮನ್ಯಾಗ ಮಾಡ್ಕೋತೀನಿ."

ರೆಹಾನಾ ಕಾಗದ ಕತ್ತರಿಸಿ ಕೊಟ್ಟರು. ಗುರುಶಾಂತರು ಅದನ್ನು ಆನೆಯ ಕೆಳಗೆ ಹಿಡಿದು ಅಳತೆ ನೋಡಿದರು. ಸರಿಹೊಂದಿತು. ಮೇಜಿಗೆ ಮೊಳಕೈ ಊರಿ, ಸಾಲಿ ಹುಡುಗರ ದುಂಡು ಅಕ್ಷರದಲ್ಲಿ ಬರೆದರು.

ಹೆಸರು: ಸುವರ್ಣಾ. ಇಯತ್ತೆ: ನಾಲ್ಕನೆಯದು.