ಕೈ ಎಟುಕದ ಅಂಚು

ಅವನು ಬಂದೇ ಬರುತ್ತಾನೆ ಎಂದು ಕಲಾವಿದೆಗೆ ಗೊತ್ತಿತ್ತು. ಆಹ್ವಾನವನ್ನು ತಾನೇ ಕಳಿಸಿದ್ದಳಲ್ಲ.

ಎರಡು ವರ್ಷ ಪ್ರೀತಿಸಿ, ಒಂದು ಜಗಳಕ್ಕೆ ಮುಖ ತಿರುಗಿಸಿಕೊಂಡು ಹೋದ ವಿಮರ್ಶಕ ಅವನು. ಹೋದವನು ಸುಮ್ಮನಿರದೆ ಪೇಪರ್‌ನಲ್ಲಿ ಬರೆದ: ‘ಈಕೆಯ ಅಮೂರ್ತ ಚಿತ್ರಗಳನ್ನು ತಲೆಕೆಳಗಾಗಿ ನೇತುಹಾಕಿದರೂ ಯಾರಿಗೂ ತಿಳಿಯದು.’ ಊರೆಲ್ಲ ನಕ್ಕಿತು. ಅವಳ ಹೊಟ್ಟೆಯೊಳಗೆ ಬಿದ್ದ ಆ ಕೆಂಡ ಇವತ್ತಿಗೂ ಆರಿರಲಿಲ್ಲ.

ಅದಕ್ಕೇ ಈ ಪ್ರದರ್ಶನದ ಅತಿ ದೊಡ್ಡ ಕ್ಯಾನ್ವಾಸನ್ನು ಬೇಕಂತಲೇ ತಲೆಕೆಳಗು ಮಾಡಿದ್ದಳು. ಅವನು ಎಲ್ಲರೆದುರು ಹೊಗಳಲಿ, ಇಲ್ಲ ತೆಗಳಲಿ. ಆಮೇಲೆ ನಿಜ ಹೇಳಿ, ಚಿತ್ರ ನೋಡಲೇ ಬಾರದ ವಿಮರ್ಶಕ ಎಂದು ಅವನ ಮಾನ ಹರಾಜು ಹಾಕುವುದು.

“ಪಾಪ ಕಣೇ,” ಅಂದಳು ಚಿತ್ರದ ತಂತಿ ಬಿಗಿಯುತ್ತಿದ್ದ ಅತ್ತಿಗೆ.

“ನೀವು ಕಾಫಿ ಕೊಡಿ ಅತ್ತಿಗೆ. ನೀರು ನಾನು ಕುಡಿಸ್ತೀನಿ.”

ಅವನು ಬಂದ. ಅದೇ ಇಸ್ತ್ರಿ ಕಾಣದ ಶರ್ಟು. ಅವಳ ಎದೆ ಡವಗುಟ್ಟಿತು; ಸಿಟ್ಟಿಗೇ ಇರಬೇಕು ಎಂದುಕೊಂಡಳು. ಅವನು ಆ ಕಡುನೀಲಿ ಚಿತ್ರದ ಮುಂದೆ ನಿಂತಾಗ ಜನ ಸುತ್ತ ಸೇರಿದರು.

“ಹೇಗಿದೆ, ಹೇಳಿ,” ಎಂದಳು, ದನಿಗೆ ಜೇನು ಸವರಿಕೊಂಡು.

ಅವನು ಬಗ್ಗಿ ಕೆಳಗಿನ ಅಂಚನ್ನು ನೋಡಿದ. ಆಮೇಲೆ ಅವಳ ಮುಖ ನೋಡಿದ. ತುಟಿ ಕೊಂಚ ಓರೆಯಾಯಿತು. ಹಿಂದೆಲ್ಲ ಈ ನೋಟಕ್ಕೆ ಅವಳ ಕೈಯಿಂದ ಬ್ರಷ್ ಜಾರುತ್ತಿತ್ತು.

“ತಲೆಕೆಳಗಾಗಿದೆ.”

“ಹೇಗೆ ಗೊತ್ತಾಯ್ತು?”

“ಸ್ಟೂಲ್ ಹತ್ತಿದ್ರೂ ನಿನ್ನ ಕೈ ಮೇಲಿನ ಅಂಚಿಗೆ ಸರಿಯಾಗಿ ಎಟುಕಲ್ಲ. ಅಲ್ಲಿ ಬಣ್ಣ ಯಾವಾಗ್ಲೂ ತೆಳು. ಇದರಲ್ಲಿ ಆ ತೆಳು ಕೆಳಗಿದೆ.” ಅವನ ದನಿ ತಗ್ಗಿತು. “ಸ್ಟೂಲ್ ಹಿಡ್ಕೊಂಡು ನಿಂತಿರ್ತಿದ್ದವನು ನಾನಲ್ವಾ?”

“ಹಾಗಾದ್ರೆ ಪೇಪರ್‌ನಲ್ಲಿ ಬರೆದದ್ದು?”

ಅವಳ ಕಿವಿಯಲ್ಲಿ ಹೇಳಿ ಪಾರಾಗಬಹುದಿತ್ತು. ಅವನು ಜನರ ಕಡೆ ತಿರುಗಿದ.

“ಸುಳ್ಳು. ಗೊತ್ತಿದ್ದೂ ಬರೆದ ಸುಳ್ಳು. ನಾನಿಲ್ಲದೆಯೂ ಇವಳು ಚೆನ್ನಾಗಿ ಚಿತ್ರ ಬರೀತಾಳೆ ಅನ್ನೋದನ್ನ ಸಹಿಸೋಕಾಗ್ಲಿಲ್ಲ. ನಾಳೆಯ ಪೇಪರ್‌ನಲ್ಲಿ ಇದನ್ನೇ ಬರೀತೀನಿ.”

ಯಾರೂ ನಗಲಿಲ್ಲ. ಅವಳು ಹಲ್ಲು ಕಚ್ಚಿಕೊಂಡು ಕಾದಿದ್ದ ಗಳಿಗೆ ಇದೇ. ಆದರೆ ಕೆಂಪಾದ ಅವನ ಕಿವಿಗಳನ್ನು ಅವಳಿಗೆ ನೋಡಲಾಗಲಿಲ್ಲ. ಈ ಮನುಷ್ಯ ಇನ್ನೂ ಬೇಕು ಅನ್ನಿಸಿತು. ಹಾಗನ್ನಿಸಿದ್ದಕ್ಕೂ ಅವನ ಮೇಲೇ ಸಿಟ್ಟು ಬಂತು.

“ಕ್ಷಮಿಸಿದ್ಯಾ?”

“ಇಲ್ಲ.”

ಅವನು ತಲೆಯಾಡಿಸಿ ಬಾಗಿಲ ಕಡೆ ನಡೆದ.

“ಎಲ್ಲಿಗೆ ಹೊರಟೆ? ನಾಳೆ ಇದಕ್ಕಿಂತ ದೊಡ್ಡದು ಶುರು ಮಾಡ್ತಿದೀನಿ. ಸ್ಟೂಲ್ ಅಲ್ಲಾಡುತ್ತೆ. ನಿನ್ನ ಸೊಂಟ ಬೀಳೋವರೆಗೂ ಹಿಡಿಸ್ತೀನಿ, ನೋಡ್ತಿರು.”

“ಬೆಳಿಗ್ಗೆನೇ ಬರ್ತೀನಿ.”

“ಪೇಪರ್ ತಗೊಂಡು ಬಾ,” ಎಂದಳು. “ಅದನ್ನ ಓದಿದ ಮೇಲೇ ಬಾಗಿಲು ತೆಗೆಯೋದು.”