ಹಳದಿ ಸಾಲು, ಹಸಿರು ಸಾಲು

"ನಂಗಿನ್ನೂ ಗೊತ್ತಾಗ್ತಿಲ್ಲ ರೀ, ಆನಂದಪ್ಪನೋರೆ," ಅಂದಳು ಅಮ್ಮ.

ರಜನಿಯ ಮುಖ ಬಿಸಿಯಾಯಿತು. ಬದುವಿನ ಮೇಲೆ ಅವಳ ಕ್ಲಾಸಿನ ಚೌಡೇಶ್ ನಿಂತಿದ್ದ. ಅವನೆದುರಿಗೇ ಅಮ್ಮ ಹೀಗೆ ಹೇಳಬೇಕಾ!

ಆನಂದಪ್ಪ ಚೌಡೇಶನ ಅಜ್ಜ. ತಾಳಗುಂದದ ಅವರ ಹೊಲದಲ್ಲಿ ಮೆಕ್ಕೆಜೋಳ ಮೊಣಕಾಲೆತ್ತರ ಬೆಳೆದಿತ್ತು. ಆದರೆ ಒಂದು ವಾರದಿಂದ ಎಲೆಗಳು ಹಳದಿಯಾಗುತ್ತಿದ್ದವು.

ರಜನಿಯ ಅಮ್ಮ ಪ್ರಮೀಳಾ ಕೃಷಿ ಕಾಲೇಜಿನಲ್ಲಿ ಓದಿದವಳು. ಯಾರದಾದರೂ ಬೆಳೆ ಕೆಟ್ಟರೆ ಶಿಕಾರಿಪುರದಿಂದ ಸ್ಕೂಟರಿನಲ್ಲಿ ಹೋಗಿ, ಹೊಲ ನೋಡಿ, ಏನು ಮಾಡಬೇಕೆಂದು ಹೇಳುತ್ತಿದ್ದಳು. ಅದೇ ಅವಳ ಕೆಲಸ. ಅದಕ್ಕೆ ಫೀಸೂ ಇತ್ತು. ಇವತ್ತು ಭಾನುವಾರವಾದ್ದರಿಂದ ರಜನಿಯೂ ಜೊತೆಗೆ ಬಂದಿದ್ದಳು.

"ಅಲ್ರೀ ಮೇಡಮ್ಮೋರೆ, ಔಷಧಿ ಅಂಗಡಿಯೋನು ಫೋಟೋ ನೋಡಿ ಎರಡೇ ನಿಮಿಷದಾಗೆ ಇದು ರೋಗ ಅಂತ ಹೇಳಿದ," ಅಂದರು ಆನಂದಪ್ಪ. "ಫೀಸೂ ಇಲ್ಲ, ಗೀಸೂ ಇಲ್ಲ. ಇಗಾ, ಎರಡು ಬಾಟ್ಲಿ ಕೊಟ್ಟಾನೆ. ನಮ್ಮ ಮಗಳು ಹಟ ಮಾಡಿದ್ಲು ಅಂತ ನಿಮ್ಮನ್ನ ಕರೆಸಿದ್ದು. ನಾನು ಇವನ್ನೇ ಹೊಡೆದುಬಿಡ್ತೀನಿ."

ಬದುವಿನ ಮೇಲೆ ಸ್ಪ್ರೇ ಪಂಪು ನೀರು ತುಂಬಿಕೊಂಡು ರೆಡಿಯಾಗಿ ಕೂತಿತ್ತು.

"ಒಂದೇ ಒಂದು ಗಂಟೆ ತಡೀರಿ," ಅಂದಳು ಅಮ್ಮ.

ಒಂದು ಗಿಡ ಕಿತ್ತು ಬೇರು ನೋಡಿದಳು. ಬೇರು ಬೆಳ್ಳಗಿತ್ತು. ಎಲೆ ಮಗುಚಿ ನೋಡಿದಳು. ಹುಳ ಇರಲಿಲ್ಲ. ಆಮೇಲೆ ಚೂಡಿದಾರದ ಪ್ಯಾಂಟು ಮಡಚಿಕೊಂಡು ಕೆಸರಿಗಿಳಿದಳು. ಒಂದೊಂದೇ ಸಾಲು ಎಣಿಸುತ್ತಾ ನಡೆದಳು.

"ನಿಮ್ಮಮ್ಮ ಏನು ಮಾಡ್ತಿದಾರೆ?" ಚೌಡೇಶ್ ಕೇಳಿದ.

"ನೋಡ್ತಿದಾರೆ."

"ಬರೀ ನೋಡೋಕೆ ಫೀಸಾ?"

ರಜನಿ ಅವನಿಂದ ತಪ್ಪಿಸಿಕೊಂಡರೆ ಸಾಕೆಂದು ಅಮ್ಮನ ಹತ್ತಿರ ಓಡಿದಳು.

"ಬಾ, ಇಲ್ಲಿ ನಿಂತು ನೋಡು," ಅಂದಳು ಅಮ್ಮ. "ಏನು ಕಾಣ್ತದೆ?"

"ಹಳದಿ."

"ಎಲ್ಲಾ ಕಡೆ ಒಂದೇ ಥರನಾ?"

ರಜನಿ ಕಣ್ಣು ಕಿರಿದು ಮಾಡಿ ನೋಡಿದಳು. ಬೇಲಿ ಪಕ್ಕದ ಸಾಲುಗಳು ಅರಿಸಿನ ಬಳಿದಂತಿದ್ದವು. ಅದರಾಚೆಯವು ಸ್ವಲ್ಪ ತಿಳಿ. ಹೊಲದ ಆ ತುದಿಯಲ್ಲಂತೂ ಜೋಳ ಹಸಿರಾಗೇ ಇತ್ತು.

"ಇಲ್ಲಮ್ಮ! ಹೋಗ್ತಾ ಹೋಗ್ತಾ ಕಮ್ಮಿ ಆಗಿದೆ!"

"ಹೌದಲ್ವಾ? ರೋಗ ಬಂದಿದ್ರೆ ಹೀಗೆ ಲೈನ್ ಹಿಡ್ಕೊಂಡು ಬರ್ತಿರಲಿಲ್ಲ."

ಅಮ್ಮ ಬದುವಿಗೆ ಬಂದಳು. "ಆನಂದಪ್ಪನೋರೆ, ಈ ಜೋಳಕ್ಕೆ ಮೊದಲು ಏನಾದ್ರೂ ಹೊಡೆದಿದ್ರಾ?"

"ಹತ್ತು ದಿನದ ಹಿಂದೆ, ಹುಳದ ಔಷಧಿ."

"ಯಾವ ಕಡೆಯಿಂದ ಶುರು ಮಾಡಿದ್ರಿ?"

ಆನಂದಪ್ಪ ಬೇಲಿಯ ಕಡೆ ಕೈ ತೋರಿಸಿದರು. ತೋರಿಸಿದ ಕೈ ಹಾಗೇ ನಿಂತಿತು.

"ಪಂಪು ನಿಮ್ದೇನಾ?"

"ಅಲ್ಲ ಆಂಟಿ," ಚೌಡೇಶನೇ ಹೇಳಿದ. "ನಮ್ದು ಕೆಟ್ಟೋಗಿತ್ತು. ಇದು ಸೊರಬದ ಮಾವಂದು. ಅವರು ಭತ್ತದ ಗದ್ದೆಗೆ ಕಳೆ ಔಷಧಿ ಹೊಡೆದು, ಹಂಗೇ ಬಸ್ಸಿನಾಗೆ ಕಳಿಸಿದ್ರು."

"ತೊಳೆದ್ರಾ?"

ಆನಂದಪ್ಪ ತಲೆ ಕೆರೆದುಕೊಂಡರು.

"ಹಾಗಾದ್ರೆ ಇದು ರೋಗ ಅಲ್ಲ ರೀ. ಆ ಕಳೆ ಔಷಧಿ ಭತ್ತಕ್ಕೆ ಏನೂ ಮಾಡಲ್ಲ, ಜೋಳಕ್ಕೆ ವಿಷ. ಪಂಪಿನ ತಳದಲ್ಲಿ ಉಳಿದಿದ್ದು ಮೊದಲನೇ ಸಲ ತುಂಬಿದಾಗ ಜಾಸ್ತಿ ಬಿದ್ದಿದೆ. ತುಂಬ್ತಾ ತುಂಬ್ತಾ ತೆಳ್ಳಗಾಗಿದೆ."

ಆನಂದಪ್ಪ ಪಂಪಿನ ಕಡೆ ನೋಡಿದರು. ಅದೇ ಪಂಪು. ಪಕ್ಕದಲ್ಲಿ ಎರಡು ಹೊಸ ಬಾಟಲಿ.

"ಅಯ್ಯೋ ಶಿವನೇ," ಅಂದರು ಮೆಲ್ಲಗೆ. "ಇವತ್ತು ಮತ್ತೆ ಹೊಡೀತಿದ್ನಲ್ಲ!"

ಅಮ್ಮ ಚಾಕು ತೆಗೆದು ಒಂದು ಹಳದಿ ಗಿಡದ ಕಾಂಡ ಸೀಳಿದಳು. ಒಳಗೆ ಎಳೆ ಸುಳಿ ಬೆಳ್ಳಗೆ, ಗಟ್ಟಿಯಾಗಿತ್ತು.

"ಜೀವ ಇದೆ ನೋಡಿ. ಈಗ ಏನೂ ಹೊಡೀಬೇಡಿ. ಹೊಸ ಎಲೆ ಹಸಿರಾಗೇ ಬರ್ತದೆ. ಬೇಲಿ ಪಕ್ಕದ ಐದಾರು ಸಾಲು ಮಾತ್ರ ಉಳಿಯೋದು ಕಷ್ಟ."

"ಏನೂ ಹೊಡೀಬಾರ್ದಾ?"

"ಏನೂ ಬೇಡ."

ಆನಂದಪ್ಪ ಆ ಸೀಳಿದ ಕಾಂಡವನ್ನು ಬೆರಳಲ್ಲಿ ಒತ್ತಿ ನೋಡಿದರು. ಆಮೇಲೆ ಬಾಟಲಿಗಳನ್ನು ಚೀಲದೊಳಗೆ ಹಾಕಿ ಬಾಯಿ ಕಟ್ಟಿದರು.

"ಮೇಡಮ್ಮೋರೆ, ಕೆರೆ ಕಡೆ ಇನ್ನೊಂದು ಹೊಲ ಐತೆ. ಅದನ್ನೂ ಹಿಂಗೇ ನಡೆದು ನೋಡ್ತೀರಾ? ಎಷ್ಟೊತ್ತಾದ್ರೂ ಆಗ್ಲಿ. ಅದರ ಫೀಸು ಬ್ಯಾರೆ ಕೊಡ್ತೀನಿ. ಚೌಡೇಶ, ಓಡು, ಮೇಡಮ್ಮೋರಿಗೆ ಕುಡಿಯಾಕೆ ಮಜ್ಜಿಗೆ ತಾ."

ಕೆರೆ ಕಡೆಯ ಹೊಲದಲ್ಲಿ ಅಮ್ಮ ಮುಂದೆ ಮುಂದೆ ನಡೆದಳು. ನಾಲ್ಕು ಹೆಜ್ಜೆಗೊಮ್ಮೆ ನಿಲ್ಲುವಳು. ಬಗ್ಗುವಳು. ಎಲೆ ಮುಟ್ಟುವಳು. ಒಂದಿಷ್ಟು ಮಣ್ಣು ತೆಗೆದು ಬೆರಳಲ್ಲಿ ಉಜ್ಜಿ, ಮೂಸುವಳು. ಇಷ್ಟು ದಿನ ರಜನಿ ನೋಡಿದ್ದು ಸಂಜೆ ಮನೆಗೆ ಬಂದ ಅಮ್ಮನ ಕೆಸರುಕಾಲು ಮಾತ್ರ.

ಅವಳು ಚಪ್ಪಲಿ ಬಿಟ್ಟು ಹೊಲಕ್ಕಿಳಿದಳು.

"ಅಮ್ಮಾ, ಈ ಸಾಲು ನಾನು ನೋಡ್ತೀನಿ."

ಮೊದಲ ಗಿಡದ ಮುಂದೆ ಕುಕ್ಕರಗಾಲಲ್ಲಿ ಕೂತು, ಒಂದು ಎಲೆಯನ್ನು ಮೆಲ್ಲಗೆ ಮಗುಚಿದಳು. ಅವಳಿಗೆ ಅವಸರವೇನೂ ಇರಲಿಲ್ಲ.