ಬೆಳಗಾದ ಮೇಲೆ ಬಂದ ನಿನ್ನೆಯ ಸಂಜೆ

ಕಸ ಗುಡಿಸುವಾಕೆ ಕ್ಲೋರಿನ್ ಕೋಣೆಯ ಬಾಗಿಲು ತೆರೆದವಳೇ ಮೂಗಿಗೆ ಬಟ್ಟೆ ಒತ್ತಿಕೊಂಡು ಹಿಂದೆ ಸರಿದಳು. ಕಣ್ಣು ಉರಿಯಿತು. ಹಳದಿ ಮಬ್ಬೊಂದು ನೆಲ ಹಿಡಿದು ಹರಿದಾಡುತ್ತಿತ್ತು. ಸಿಲಿಂಡರಿನ ಬುಡದಲ್ಲಿ ರಾತ್ರಿ ಪಾಳಿಯ ಹಿರಿಯ ಆಪರೇಟರ್ ಬೋರಲಾಗಿ ಬಿದ್ದಿದ್ದ. ಒಂದು ಕೈ ವಾಲ್ವಿನ ಕಡೆಗೆ ಚಾಚಿತ್ತು. ಊರಿಗೆಲ್ಲ ಶುದ್ಧ ನೀರು ಕುಡಿಸಿದವನಿಗೆ ಕೊನೆಯಲ್ಲಿ ಒಂದು ಉಸಿರು ಗಾಳಿ ಸಿಗಲಿಲ್ಲ.

ಇನ್‌ಸ್ಪೆಕ್ಟರಮ್ಮ ನೀರು ಶುದ್ಧೀಕರಣದ ಆ ಅಂಗಳಕ್ಕೆ ಬರುವಷ್ಟರಲ್ಲಿ ಹೆಣ ಆಸ್ಪತ್ರೆಗೆ ಹೋಗಿತ್ತು. ಜೊತೆಗೆ ಹೋದವನು ಸತ್ತವನ ಅಳಿಯ. ಅವನೂ ಅಲ್ಲಿಯೇ ಆಪರೇಟರ್. ಹಿಂದಿನ ಸಂಜೆಯ ಪಾಳಿ ಅವನದು. ಅಳಿಯ ಇಳಿದ ಮೇಲೆ ಮಾವ ಕೂತಿದ್ದ.

ಅವಳನ್ನು ಎದುರುಗೊಂಡವನು ಅಲ್ಲಿನ ಮೇಲ್ವಿಚಾರಕ. ಎಲ್ಲರ ಬಾಯಲ್ಲೂ ಅವನು ದೊಡ್ಡಣ್ಣ. ಸತ್ತವನೂ ಅವನೂ ಒಂದೇ ತಟ್ಟೆಯಲ್ಲಿ ಉಂಡು ಬೆಳೆದ ಗೆಳೆಯರು. ಅತ್ತು ಅತ್ತು ಅವನ ಮುಖ ಊದಿತ್ತು. ನಡೆದದ್ದನ್ನು ಅವನೇ ಸಮಾಧಾನವಾಗಿ ಹೇಳಿದ. ಗ್ಯಾಸ್ ಸೋರಿದರೆ ಕೂಗುವ ಅಲಾರಂ ಒಂದಿದೆ. ಅದನ್ನು ನೋಡಿಕೊಳ್ಳುವ ಕಂಪ್ಯೂಟರ್ ಪಕ್ಕದ ಕೋಣೆಯಲ್ಲಿದೆ. ನಿನ್ನೆ ಸಂಜೆ ಊರಲ್ಲೆಲ್ಲ ಕರೆಂಟ್ ಹೋಯಿತಲ್ಲ, ಆಗ ಅದು ಸತ್ತದ್ದು ಮತ್ತೆ ಏಳಲಿಲ್ಲ. ಬ್ಯಾಟರಿ ಹಳೆಯದು. ಮೋಟಾರು ಮಾತ್ರ ಜನರೇಟರಿನಲ್ಲಿ ಓಡಿತು.

"ಅಲಾರಂ ಯಾರಾದ್ರೂ ಮುಟ್ಟಿದ್ರೋ ಏನೋ, ಅದರಲ್ಲೇ ದಾಖಲಾಗಿರುತ್ತೆ ಮೇಡಂ. ಬೇಕಿದ್ರೆ ಈಗಲೇ ಆನ್ ಮಾಡಿ ನೋಡಿ," ಎಂದ.

"ಬೇಡ," ಎಂದಳು. "ಆ ಕೋಣೆಗೆ ಯಾರು ಯಾರು ಹೋಗಿದ್ರು?"

"ಯಾರೂ ಇಲ್ಲ. ಹೆಣ ಸಾಗಿಸಿದ ತಕ್ಷಣ ನಾನೇ ಬೀಗ ಹಾಕ್ದೆ. ಕೀ ಇಲ್ಲಿದೆ ನೋಡಿ."

ಅವಳ ಹಿಂದೆ ನಿಂತಿದ್ದ ಹೆಡ್ ಕಾನ್‌ಸ್ಟೇಬಲ್, ಠಾಣೆಯಲ್ಲೆಲ್ಲ ಮೀಸೆ ಎಂದೇ ಹೆಸರಾದವನು, ಒಂದು ಗುಂಡಿ ಒತ್ತಿದರೆ ಮುಗಿಯುವ ಕೆಲಸಕ್ಕೆ ಮೇಡಂ ಯಾಕೆ ಮುಹೂರ್ತ ನೋಡುತ್ತಾರೆ ಎಂದು ಗೊಣಗಿದ. ಅವಳ ಲೆಕ್ಕ ಬೇರೆ. ಸತ್ತ ಯಂತ್ರವೂ ಹೆಣದ ಹಾಗೆಯೇ. ಎಬ್ಬಿಸಲು ಹೋದವನ ಬೆರಳಚ್ಚು ಅದರ ಮೇಲೆ ಕೂರುತ್ತದೆ. ತಿರುಪು ಬಿಚ್ಚಿ, ಹಾರ್ಡ್ ಡಿಸ್ಕ್ ಒಂದನ್ನೇ ತೆಗೆದು ಚೀಲಕ್ಕೆ ಹಾಕಿ ಮೊಹರು ಮಾಡಿದಳು.

*

ಠಾಣೆಯ ಹಿಂಭಾಗದ ಕಿಟಕಿಯಿಲ್ಲದ ಕೋಣೆ ಅವಳದು. ಡಿಸ್ಕಿಗೆ ಒಂದಕ್ಷರವೂ ಬರೆಯಲು ಬಿಡದ, ಬರೀ ಓದಲು ಬಿಡುವ ಪೆಟ್ಟಿಗೆಯೊಂದಿತ್ತು. ಅದರ ಮೂಲಕ ಡಿಸ್ಕಿನ ಪೂರ್ತಿ ನಕಲು ತೆಗೆದಳು. ಮೊದಲು ಕಂಡದ್ದು ಅಲಾರಮ್ಮಿನ ದಾಖಲೆ. ಅದು ಹಿಂದಿನ ಸಂಜೆಗೆ ನಿಂತಿತ್ತು. ಕೊನೆಯ ಸಾಲು ಹೀಗಿತ್ತು: ಅಲಾರಂ ಬಂದ್. ಮಾಡಿದವನು, ಸಂಜೆ ಪಾಳಿಯ ಆಪರೇಟರ್.

ಅಂದರೆ ಅಳಿಯ.

ಕೆಟ್ಟ ಸುದ್ದಿ ಒಂಟಿಯಾಗಿ ಬರುವುದಿಲ್ಲ. ಮೀಸೆ ಅಳಿಯನ ಕಪಾಟು ತೆರೆಸಿದ್ದ. ಕ್ಲೋರಿನ್ ಕೋಣೆಯ ಗೋಡೆಯಲ್ಲಿ ತೂಗಬೇಕಾದ ಮಾಸ್ಕ್ ಅದರೊಳಗೆ ಸಿಕ್ಕಿತ್ತು. ಪಾಳಿ ಬದಲಾಗುವಾಗ ಮಾವ ಅಳಿಯ ಜೋರಾಗಿ ಜಗಳವಾಡಿದ್ದನ್ನು ಗೇಟಿನ ಕಾವಲುಗಾರ ಕೇಳಿಸಿಕೊಂಡಿದ್ದ. ಅಲಾರಂ ಬಂದ್, ಮಾಸ್ಕ್ ಮಾಯ, ಮೇಲೆ ಜಗಳ. ಇನ್ನೇನು ಬೇಕು?

ಮೇಲಿನ ಸಾಹೇಬರಿಗೂ ಇನ್ನೇನೂ ಬೇಕಿರಲಿಲ್ಲ. ನಾಳೆ ಕೋರ್ಟಿಗೆ ಹಾಜರುಪಡಿಸಿ, ಕೊಲೆ ಕೇಸು ಹಾಕಿ ಎಂದು ಫೋನಿನಲ್ಲೇ ಮುಗಿಸಿದರು.

ಆಸ್ಪತ್ರೆಯಿಂದ ಹಿಡಿದು ತಂದ ಅಳಿಯ ಲಾಕಪ್ಪಿನ ಗೋಡೆಗೆ ಒರಗಿ ಕೂತಿದ್ದ. ಮಾಸ್ಕಿನ ಪಟ್ಟಿ ಹರಿದಿತ್ತು, ಹೊಲಿಸಿ ತರೋಣವೆಂದು ತೆಗೆದಿಟ್ಟೆ ಎಂದ. ಜಗಳ ನಿಜ. ಅಲಾರಂ ಎರಡು ಮೂರು ದಿನದಿಂದ ಉಸಿರೆತ್ತುತ್ತಿಲ್ಲ, ಮೇಲಕ್ಕೆ ಬರೆದು ಕೊಡೋಣ ಎಂದು ಇವನು. ದೊಡ್ಡಣ್ಣನಿಗೆ ತೊಂದರೆ ಆಗುತ್ತದೆ, ಸುಮ್ಮನಿರು ಎಂದು ಮಾವ. ಇವನು ಗಂಟಲು ಏರಿಸಿದ್ದ.

"ಕರೆಂಟ್ ಹೋದಾಗ ಕಂಪ್ಯೂಟರ್ ನಿಂತುಹೋಯ್ತಂತಲ್ಲ?"

"ಇಲ್ಲ ಮೇಡಂ. ಕರೆಂಟ್ ಬರೋವರೆಗೂ ಬ್ಯಾಟರಿ ಮೇಲೆ ಓಡ್ತಾನೇ ಇತ್ತು. ನಾನು ಹೊರಡೋವಾಗ್ಲೂ ದೀಪ ಮಿನುಗ್ತಿತ್ತು."

"ಯಾರಾದ್ರೂ ನೋಡಿದ್ರಾ?"

"ಮಾವ ನೋಡಿದ್ರು," ಎಂದು ಹೇಳಿ, ಆ ಸಾಕ್ಷಿ ಇನ್ನು ಬಾಯಿ ಬಿಡುವುದಿಲ್ಲವೆಂಬುದು ಆಗ ತಾನೇ ಹೊಳೆದವನಂತೆ ತಲೆ ತಗ್ಗಿಸಿದ.

*

ಮಧ್ಯಾಹ್ನ ಅವಳು ಸತ್ತವನ ಮನೆಗೆ ಹೋದಳು. ಎರಡು ಕೋಣೆಯ ಮನೆ. ಹಗ್ಗದ ಮೇಲಿನ ಅಂಗಿಗಳಲ್ಲೆಲ್ಲ ಕ್ಲೋರಿನ್ ತಿಂದ ಬಿಳಿ ಕಲೆ. ಮಾವನದು ಯಾವುದು, ಅಳಿಯನದು ಯಾವುದು ಎಂದು ಗುರುತು ಸಿಗದು. ದೊಡ್ಡಣ್ಣ ಅಲ್ಲಿಯೇ ಇದ್ದ. ಕುರ್ಚಿ ತರಿಸಿದವನು ಅವನು, ಬಂದವರಿಗೆ ನೀರು ಕೊಡಿಸಿದವನು ಅವನು, ಮಣ್ಣಿಗೆ ಯಾವಾಗ ಎಂದು ನಿಶ್ಚಯಿಸಿದವನೂ ಅವನೇ.

ಮಗಳು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ತುಂಬಿದ ಬಸುರಿ. ಮಾತಾಡಿದ್ದು ತಾಯಿ.

"ತಂದೆ ತಾಯಿ ಇಲ್ಲದೋನು ಅಂತ ಮಗನ ಹಾಗೆ ಇಟ್ಕೊಂಡೆ ಕಣಮ್ಮ. ಕೆಲಸ ಕೊಡಿಸಿದೋರು ನಮ್ಮನೆಯೋರೇ. ಈಗ ಅವರನ್ನೇ ತಿಂದ. ಅವನು ಈ ಹೊಸಲು ತುಳಿದ್ರೆ ನನ್ನ ಹೆಣದ ಮೇಲೆ ತುಳೀಬೇಕು."

"ನಿಮ್ಮ ಮಗಳು ಏನಂತಾಳೆ?"

"ಅವಳಿಗೆ ಹೇಳೋಕೇನಿದೆ? ಕಂಪ್ಯೂಟರ್ ಸುಳ್ಳು ಹೇಳುತ್ತಾ?"

ಮಲಗಿದವಳ ಬೆನ್ನು ಒಮ್ಮೆ ಅಲುಗಿತು. ಅವಳು ತಿರುಗಲಿಲ್ಲ. ದೊಡ್ಡಣ್ಣ ನಿಟ್ಟುಸಿರು ಬಿಟ್ಟು, ಹುಡುಗ ದುಡುಕಿದ, ಎಲ್ಲ ಮೇಲಿನವನ ಇಚ್ಛೆ ಎಂದ. ಮೇಲಿನವನ ಮೇಲೆ ಭಾರ ಹಾಕುವವರಲ್ಲಿ ಎರಡು ಬಗೆ. ತಮ್ಮ ಭಾರ ಹೊತ್ತು ದಣಿದವರು ಒಬ್ಬರು, ಹೊರಲು ಮನಸ್ಸಿಲ್ಲದವರು ಇನ್ನೊಬ್ಬರು. ಇನ್‌ಸ್ಪೆಕ್ಟರಮ್ಮ ಎದ್ದಳು. ದಾರಿಯುದ್ದಕ್ಕೂ ಆ ತಾಯಿಯ ಕೊನೆಯ ಮಾತು ಅವಳ ಕಿವಿ ಕಚ್ಚುತ್ತಿತ್ತು.

*

ಕಂಪ್ಯೂಟರ್ ಸುಳ್ಳು ಹೇಳುವುದಿಲ್ಲ. ಆದರೆ ಅದರ ಬಾಯಲ್ಲಿ ಸುಳ್ಳು ಹೇಳಿಸಬಹುದು. ಆಮೇಲೂ ಅದರ ಹೊಟ್ಟೆಯಲ್ಲಿ ನಿಜ ಉಳಿದಿರುತ್ತದೆ.

ಅವಳು ಮೀಸೆಯನ್ನು ಪಕ್ಕದಲ್ಲಿ ಕೂರಿಸಿಕೊಂಡಳು.

ಯಂತ್ರದ ಒಳಮನೆಯಲ್ಲಿ ಕರ್ನಲ್ ಎಂಬ ಯಜಮಾನನಿದ್ದಾನೆ ಎಂದು ಹೇಳತೊಡಗಿದಳು. ಯಾವ ಫೈಲು ಎಲ್ಲಿದೆ, ಎಷ್ಟು ಜಾಗ ಹಿಡಿದಿದೆ ಎಂಬುದೆಲ್ಲ ಅವನ ಉಸ್ತುವಾರಿ. ಅವನಿಗೊಂದೇ ಭಯ. ಒಂದು ಫೈಲನ್ನು ಅಳಿಸುವುದೆಂದರೂ ನಾಲ್ಕಾರು ಕಡೆ ಕೈ ಹಾಕಬೇಕು: ಹೆಸರು ತೆಗೆಯಬೇಕು, ಜಾಗ ಖಾಲಿ ಎಂದು ಗುರುತು ಮಾಡಬೇಕು. ಅರ್ಧದಲ್ಲಿ ಕರೆಂಟ್ ಹೋದರೆ ಮನೆ ಅಸ್ತವ್ಯಸ್ತ. ಅದಕ್ಕೇ ಡಿಸ್ಕಿನ ಒಂದು ಮೂಲೆಯಲ್ಲಿ ಜರ್ನಲ್ ಇಟ್ಟಿರುತ್ತಾನೆ. ಯಾವ ಬದಲಾವಣೆಯನ್ನೂ ನೇರವಾಗಿ ಮಾಡುವುದಿಲ್ಲ. ಮೊದಲು ಜರ್ನಲ್ಲಿನಲ್ಲಿ ಕ್ರಮಸಂಖ್ಯೆ ಹಾಕಿ, ಇಂಥಿಂಥ ಕಡೆ ಹೀಗೆ ಬದಲಿಸುತ್ತೇನೆ ಎಂದು ಬರೆಯುತ್ತಾನೆ. ಎಲ್ಲ ಬರೆದಾದ ಮೇಲೆ ಕೆಳಗೆ ಹೊತ್ತು ನಮೂದಿಸಿ ಮುದ್ರೆ ಒತ್ತುತ್ತಾನೆ. ಆಮೇಲೆಯೇ ನಿಜವಾದ ಜಾಗಕ್ಕೆ ಕೈ.

"ನಡುವೆ ಕರೆಂಟ್ ಹೋದ್ರೆ?" ಎಂದ ಮೀಸೆ.

"ಮತ್ತೆ ಎದ್ದಾಗ ಜರ್ನಲ್ ಓದ್ತಾನೆ. ಮುದ್ರೆ ಬಿದ್ದಿದ್ರೆ ಆ ಕೆಲಸ ಮುಗಿಸ್ತಾನೆ. ಬಿದ್ದಿಲ್ಲ ಅಂದ್ರೆ ಆ ಮಾತು ಆಡೇ ಇಲ್ಲ ಅಂತ ಬಿಟ್ಬಿಡ್ತಾನೆ. ಮಾಡಿದ್ರೆ ಪೂರ್ತಿ, ಇಲ್ಲಾಂದ್ರೆ ಇಲ್ಲ."

"ನನ್ನ ಹೆಂಡತಿ ಜಗಳದ ಹಾಗೆ," ಎಂದ ಮೀಸೆ. ಅವಳು ನಗಲಿಲ್ಲ, ಆದರೆ ಬೈಯಲೂ ಇಲ್ಲ.

ಜರ್ನಲ್ ತುಂಬಿದರೆ ಕರ್ನಲ್ ಮತ್ತೆ ಮೊದಲಿನಿಂದ, ಹಳೆಯ ಬರಹದ ಮೇಲೆಯೇ ಬರೆಯುತ್ತಾ ಹೋಗುತ್ತಾನೆ. ಯಂತ್ರವನ್ನು ಎಬ್ಬಿಸಿ ಓಡಲು ಬಿಟ್ಟಿದ್ದರೆ ಈ ಹೊತ್ತಿಗೆ ಹಳೆಯದೆಲ್ಲ ಮುಚ್ಚಿಹೋಗುತ್ತಿತ್ತು. ಎಬ್ಬಿಸಿರಲಿಲ್ಲ. ಹಾಗಾಗಿ ಇತ್ತು.

ಅವಳು ಕ್ರಮಸಂಖ್ಯೆ ಹಿಡಿದು ಒಂದೊಂದೇ ಮುದ್ರೆಯ ಹೊತ್ತನ್ನು ಓದುತ್ತಾ ಹೋದಳು. ಹಿಂದಿನ ಸಂಜೆ. ಕರೆಂಟ್ ಹೋದ ಹೊತ್ತು. ಅದಾದ ಮೇಲೂ ಮುದ್ರೆಗಳು ನಿಂತಿಲ್ಲ. ಕತ್ತಲಾಯಿತು. ರಾತ್ರಿ ಕಳೆಯಿತು. ಒಬ್ಬ ಮನುಷ್ಯ ಉಸಿರಿಗಾಗಿ ಒದ್ದಾಡಿದ ಗಳಿಗೆಯೂ ಆ ಸಾಲಿನಲ್ಲೆಲ್ಲೋ ಸದ್ದಿಲ್ಲದೆ ಸರಿದುಹೋಯಿತು. ಬೆಳಗಾಯಿತು. ಹೆಣ ಆಸ್ಪತ್ರೆಗೆ ಹೊರಟ ಹೊತ್ತೂ ದಾಟಿತು. ಆಮೇಲೆ, ಬೆಳಗಿನ ಸಂಖ್ಯೆಯ ಮುಂದಿನ ಸಂಖ್ಯೆಯಲ್ಲಿ ಅವಳ ಬೆರಳು ನಿಂತಿತು.

ಆ ಮುದ್ರೆಯ ಹೊತ್ತು ಮತ್ತೆ ಹಿಂದಿನ ಸಂಜೆ.

ಅದರ ಕೆಳಗೆ ಇನ್ನೂ ಒಂದು ಬರಹವಿತ್ತು. ಅದು ಮುದ್ರೆಯಿಲ್ಲದೆ ಅರ್ಧದಲ್ಲಿ ನಿಂತಿತ್ತು. ಅವಳು ಅದು ತೋರಿಸಿದ ಜಾಗಕ್ಕೆ ಹೋಗಿ ನೋಡಿದಳು. ಕಂಡದ್ದನ್ನು ಎರಡು ಸಲ ಓದಿದಳು. ಕೊನೆಗೆ, ಸಂಜೆಯೊಳಗೆ ಎಲ್ಲರನ್ನೂ ಪ್ಲಾಂಟಿಗೆ ಕರೆಸು ಎಂದಳು.

*

ಕಂಪ್ಯೂಟರ್ ಕೋಣೆಯಲ್ಲಿ ದೊಡ್ಡಣ್ಣ ಬಾಗಿಲ ಹತ್ತಿರ ನಿಂತಿದ್ದ. ಮೀಸೆಯ ಪಕ್ಕದಲ್ಲಿ ಅಳಿಯ. ಅತ್ತೆ ಆಚೆ ಗೋಡೆಗೆ ಅಂಟಿಕೊಂಡು, ಅಳಿಯನ ನೆರಳೂ ತನಗೆ ತಾಕದ ಹಾಗೆ.

"ಈ ಯಂತ್ರ ನಿನ್ನೆ ಸಂಜೆ ಸಾಯಲಿಲ್ಲ," ಎಂದಳು ಇನ್‌ಸ್ಪೆಕ್ಟರಮ್ಮ. "ಇವತ್ತು ಬೆಳಿಗ್ಗೆವರೆಗೂ ಬದುಕಿತ್ತು. ಬೆಳಿಗ್ಗೆ ಯಾರೋ ಇದರ ಗಡಿಯಾರನ ನಿನ್ನೆ ಸಂಜೆಗೆ ತಿರುಗಿಸಿದ್ರು. ದಾಖಲೆಯ ಇನ್ನೊಂದು ಪ್ರತಿ ಮಾಡಿದ್ರು. ಅದರಲ್ಲಿ ಅಲಾರಂ ನಿಲ್ಲಿಸಿದ ಸಾಲಿನ ಹೆಸರು, ದಿನ ಎರಡೂ ಬದಲಿಸಿ ಕೊನೆಗೆ ತಂದ್ರು, ಸಂಜೆಯಿಂದ ಈಚೆಗಿನ ಸಾಲೆಲ್ಲ ತೆಗೆದ್ರು. ಸಂಜೆನೇ ಸತ್ತಿತ್ತು ಅಂತ ತೋರಿಸೋಕೆ."

ದೊಡ್ಡಣ್ಣ, ಅದು ಹೇಗೆ ಗೊತ್ತಾಗುತ್ತದೆ, ಫೈಲಿನ ಮೇಲೆ ಸಂಜೆಯ ಹೊತ್ತೇ ಇದೆಯಲ್ಲ ಎಂದು ಮೆಲ್ಲಗೆ ಕೇಳಿದ.

"ಫೈಲಿನ ಮೇಲೆ ಇದೆ. ನಾನು ನಿಮಗೆ ಅದನ್ನ ತೋರಿಸಿಲ್ಲ."

ಅತ್ತೆ ದೊಡ್ಡಣ್ಣನ ಕಡೆ ತಿರುಗಿದಳು.

"ಗಡಿಯಾರ ಹಿಂದಕ್ಕೆ ಹೋಗುತ್ತೆ ದೊಡ್ಡಣ್ಣ. ಜರ್ನಲ್ಲಿನ ಕ್ರಮಸಂಖ್ಯೆ ಹೋಗಲ್ಲ. ಅದು ಮುಂದಕ್ಕೆ ಮಾತ್ರ. ಬೆಳಗಾದ ಮೇಲೆ ನಿನ್ನೆಯ ಸಂಜೆ ಬರೋದುಂಟಾ? ಇಲ್ಲಿ ಬಂದಿದೆ. ಆಗ ಈ ಹುಡುಗ ಹೆಣದ ಜೊತೆ ಆಸ್ಪತ್ರೆಲಿದ್ದ. ಈ ಕೋಣೆಗೆ ಬೇರೆ ಯಾರೂ ಬಂದಿಲ್ಲ, ಬೀಗ ಹಾಕಿದ್ದು ನಾನೇ ಅಂದೋರು ನೀವು."

ಅವನು ತುಟಿ ಒದ್ದೆ ಮಾಡಿಕೊಂಡ. ಒಂದು ಸಂಖ್ಯೆ ಹಿಡಿದು ಮನುಷ್ಯನನ್ನು ನೇಣಿಗೆ ಹಾಕುತ್ತೀರಾ ಎಂದ.

"ಇಲ್ಲ. ಇನ್ನೊಂದಿದೆ. ನೀವು ಹಳೆಯ ದಾಖಲೆಯನ್ನ ಮೂಲೆಗೆ ಸರಿಸಿ, ಆಮೇಲೆ ಅಳಿಸಿದ್ರಿ. ಅಳಿಸಿದ ಕೂಡ್ಲೆ ವೈರು ಕಿತ್ರಿ. ಯಾರೋ ಬರೋ ಸದ್ದು ಕೇಳ್ತೋ ಏನೋ. ಕರ್ನಲ್ ಆ ಅಳಿಸೋ ಮಾತನ್ನ ಬರೀತಾ ಇದ್ದ. ಮುದ್ರೆ ಬೀಳೋಕೆ ನಾಲ್ಕು ಕ್ಷಣದ ಉಸಿರು ಬೇಕಿತ್ತು, ನೀವು ಕೊಡಲಿಲ್ಲ. ಮುದ್ರೆ ಇಲ್ಲ ಅಂದ್ರೆ ಅಳಿಸೇ ಇಲ್ಲ. ಹಳೆಯ ದಾಖಲೆ ಇದ್ದಲ್ಲೇ ಇದೆ. ಅಲಾರಂ ಬಂದ್ ಆಗಿದ್ದು ನಿನ್ನೆ ಅಲ್ಲ, ಮೂರು ದಿನದ ಹಿಂದೆ. ಮಾಡಿದವನು, ಮೇಲ್ವಿಚಾರಕ."

ದೊಡ್ಡಣ್ಣ ನೆಲದ ಮೇಲೆ ಕೂತ. ಆಮೇಲೆ ಹೇಳಿದ್ದನ್ನೆಲ್ಲ ನೆಲಕ್ಕೇ ಹೇಳಿದ. ಅಲಾರಂ ಸುಮ್ಮಸುಮ್ಮನೆ ಕೂಗುತ್ತಿತ್ತು. ಪಕ್ಕದ ಬೀದಿಯವರು ದೂರು ಕೊಟ್ಟಿದ್ದರು. ತಪಾಸಣೆ ಮುಗಿಯುವವರೆಗೆ ಬಂದ್ ಇರಲಿ ಅಂದುಕೊಂಡಿದ್ದ. ಕೊಲ್ಲುವ ಮನಸ್ಸು ಕನಸಿನಲ್ಲೂ ಇರಲಿಲ್ಲ. ಬೆಳಿಗ್ಗೆ ಗೆಳೆಯನ ಹೆಣ ಕಂಡಾಗ ಹೊಳೆದದ್ದು ದಾಖಲೆಯಲ್ಲಿ ತನ್ನ ಹೆಸರಿದೆ ಎಂಬುದೊಂದೇ. ಹುಡುಗನಿಗೆ ವಯಸ್ಸಿದೆ, ಹೇಗೋ ಪಾರಾಗುತ್ತಾನೆ ಎನಿಸಿತು.

"ಅಲಾರಂ ನಿಲ್ಲಿಸಿದ್ದು ನಿಮ್ಮ ತಪ್ಪು," ಎಂದಳು ಅವಳು. "ಹೆಸರು ಬದಲಿಸಿದ್ದು ನಿಮ್ಮ ಪಾಪ. ಎರಡಕ್ಕೂ ಬೇರೆ ಬೇರೆ ಉತ್ತರ ಕೊಡಬೇಕಾಗುತ್ತೆ."

ಮೀಸೆ ಅವನ ತೋಳು ಹಿಡಿದು ಎಬ್ಬಿಸಿದ. ಹೋಗುವಾಗ ದೊಡ್ಡಣ್ಣ ಗೆಳೆಯನ ಹೆಂಡತಿಯ ಮುಂದೆ ಕೈ ಮುಗಿದು ನಿಂತ. ಅವಳು ನೋಡಲಿಲ್ಲ. ಅವಳು ನೋಡುತ್ತಿದ್ದದ್ದು ಅಳಿಯನನ್ನು.

*

ಕಾಗದಪತ್ರ ಮುಗಿದು ಅಳಿಯನನ್ನು ಬಿಟ್ಟಾಗ ಬೀದಿಯ ದೀಪಗಳು ಹತ್ತುತ್ತಿದ್ದವು. ಅತ್ತೆ ಠಾಣೆಯ ಮೆಟ್ಟಿಲ ಕೆಳಗೆ ನಿಂತಿದ್ದಳು. ಯಾರೂ ಅವಳನ್ನು ಕರೆಸಿರಲಿಲ್ಲ.

"ಮನೆಗೆ ನಡಿಯಪ್ಪ," ಎಂದಳು. "ಮಣ್ಣಿಗೆ ನೀನೇ ಮುಂದೆ ನಿಲ್ಲಬೇಕು. ನಾನು ಆಡಿದ್ದನ್ನೆಲ್ಲ ಹೊಟ್ಟೆಗೆ ಹಾಕ್ಕೋ."

ಅವನು ತಲೆಯಾಡಿಸಿದ. ಒಂದು ಮೆಟ್ಟಿಲು ಇಳಿದು ನಿಂತ.

"ಅತ್ತೆ, ಮನೇಲಿ ಅವಳೂ ನಂಬಿದ್ಲಾ?"

ಮುದುಕಿ ಬಾಯಿ ತೆರೆದಳು. ಒಂದೇ ಒಂದು ಸುಳ್ಳು ಸಾಕಿತ್ತು, ಅದನ್ನು ದೇವರೂ ಕ್ಷಮಿಸುತ್ತಿದ್ದ. ಆದರೆ ಆ ದಿನ ಸುಳ್ಳಿನಿಂದ ಆದದ್ದನ್ನೆಲ್ಲ ಕಣ್ಣಾರೆ ಕಂಡವಳ ನಾಲಿಗೆ ಏಳಲಿಲ್ಲ. ಅವಳು ಬಾಯಿ ಮುಚ್ಚಿ ಬೀದಿಯ ಕಡೆ ತಿರುಗಿದಳು.

ಬಾಗಿಲಲ್ಲಿ ನಿಂತು ಇನ್‌ಸ್ಪೆಕ್ಟರಮ್ಮ ನೋಡಿದಳು. ಅತ್ತೆ ಮುಂದೆ ನಡೆದಳು. ಅಳಿಯ ನಾಲ್ಕು ಮಾರು ಹಿಂದೆ ನಡೆದ. ಅವನು ಬರಲಿ ಎಂದು ಅವಳು ನಿಂತಾಗ ಅವನೂ ಅಲ್ಲಿಯೇ ನಿಂತ. ಅವಳು ಮತ್ತೆ ನಡೆದ ಮೇಲೆಯೇ ಅವನೂ ಹೆಜ್ಜೆ ಕಿತ್ತಿಟ್ಟ.